ಮೂರೇ ವಿಳಾಸ ಹೇಳಿದ ಮುಂಜಾನೆ

ಮೊಮ್ಮಗಳು ತಪ್ಪು ಬರೆದ ಲೆಕ್ಕವನ್ನು ರಬ್ಬರಿನಿಂದ ಗಸಗಸ ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ತಿಕ್ಕಿದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಚಹಾ ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದೆ.

“ಯಾಕ್ ತಾತಾ?” ಎಂದಳು.

“ಏನಿಲ್ಲವ್ವಾ, ಸೆಕಿ.”

ಸೆಕೆ ಅಲ್ಲ. ಆ ವಾಸನೆ ಬಂದರೆ ನನಗೆ ರಾಯಚೂರಿನ ಒಂದು ಹತ್ತಿ ಮಿಲ್ಲಿನ ಕೋಣೆ ಕಣ್ಣಿಗೆ ಕಟ್ಟುತ್ತದೆ. ಎಂಬತ್ತರ ದಶಕ ಮುಗಿಯುವ ಹೊತ್ತಿನ ಹತ್ತಿ ಸುಗ್ಗಿ ಅದು. ಆ ಸುಗ್ಗಿಯಲ್ಲಿ ನನ್ನ ತಂಗಿ ಮಾಳಮ್ಮನಿಗೆ ನಾನು ಮಾಡಿದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆವರೆಗೆ ಓದಿದವನ ಬರವಣಿಗೆ ಇದು. ಮಾತು ಹಿಂದೆ ಮುಂದೆ ಆದರೂ ಸುಳ್ಳು ಇರುವುದಿಲ್ಲ.

ನಾವು ಅರಕೇರಾದ ಕಡೆಯವರು, ಕುರಿ ಸಾಕುವವರು. ಅಪ್ಪನ ಕಾಲು ಕೆಟ್ಟಾಗ ಕುರಿಗಳ ಹಿಂದೆ ಹೋಗಲು ಒಬ್ಬರು ಬೇಕಾಯಿತು. ನನ್ನನ್ನು ಶಾಲೆ ಬಿಡಿಸಿದರು. ಮಾಳಿಯನ್ನು ದೇವದುರ್ಗದ ಚಿಗವ್ವ, ಅವ್ವನ ತಂಗಿ, ತನ್ನ ಮನೆಗೆ ಕರೆದೊಯ್ದು ಓದಿಸಿದಳು. ನಾನು ಬಿಸಿಲಲ್ಲಿ ಕುರಿ ಎಣಿಸುತ್ತಿದ್ದಾಗ ಅವಳು ಫ್ಯಾನಿನ ಕೆಳಗೆ ಕುಳಿತು ಓದುತ್ತಿದ್ದಾಳೆ ಎಂದು ಆಗಲೇ ಒಂದು ಸಿಟ್ಟು ಒಳಗೆ ಕುಳಿತಿತ್ತು. ಚಿಗವ್ವನ ಮನೆಯಲ್ಲಿ ಫ್ಯಾನೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸಿಟ್ಟು ಮಾತ್ರ ಹಾಗೇ ಉಳಿಯಿತು.

ದೊಡ್ಡವನಾದ ಮೇಲೆ ನಾನು ರಾಯಚೂರಿಗೆ ಬಂದು ಆ ಮಿಲ್ಲಿನಲ್ಲಿ ವೈರ್‌ಮನ್ ಆದೆ. ಕೆಲವು ವರ್ಷಕ್ಕೆ ಮಿಲ್ಲಿಗೆ ಕಂಪ್ಯೂಟರ್ ಬಂತು. ಅದನ್ನು ನಡೆಸಲು ಡಿಪ್ಲೊಮಾ ಮುಗಿಸಿದವರು ಬೇಕು ಎಂದರು. ಬಂದವಳು ನನ್ನ ತಂಗಿ.

ಆ ವರ್ಷ ಸಂಕ್ರಾಂತಿಗೇ ಬಿಸಿಲು ಏರಿತ್ತು. ಮಿಲ್ಲಿನ ಅಂಗಳದಲ್ಲಿ ಹತ್ತಿಯ ಧೂಳು ಸದಾ ಹಾರಾಡುತ್ತಿತ್ತು. ಅದು ಗಂಟಲಿಗೆ, ಕಿವಿಗೆ, ರೊಟ್ಟಿಗೆ ಎಲ್ಲಕ್ಕೂ ಅಂಟುತ್ತಿತ್ತು. ಲಾರಿಗಳು ಗೇಟಿನಿಂದ ರಸ್ತೆಯವರೆಗೆ ನಿಲ್ಲುತ್ತಿದ್ದವು. ಹಮಾಲರು, ಡ್ರೈವರರು, ಲಾರಿ ತೂಗುವ ಕಾಟಾ ಕಟ್ಟೆಯ ಗುಮಾಸ್ತರು, ಎಲ್ಲರಿಗೂ ಎಲ್ಲರ ಮೇಲೂ ಮುನಿಸು. ಅಂಥ ಜಾಗದಲ್ಲಿ ಒಂದೇ ಒಂದು ತಂಪು ಕೋಣೆ, ಅದರಲ್ಲಿ ಕಂಪ್ಯೂಟರು, ಅದರ ಮುಂದೆ ಹೆಣ್ಣುಮಗಳು. ಯಾರ ಕಣ್ಣಿಗೂ ಅವಳು ಒಳ್ಳೆಯವಳಾಗಿ ಕಾಣಲಿಲ್ಲ.

“ಹತ್ತಿ ತೂಗಾಕ ಟಿವಿ ಯಾಕ ಬೇಕು?” ಎಂದು ಗೇಟಿನ ಮೌಲಾಸಾಬ ಕೇಳುತ್ತಿದ್ದ. “ನಮ್ಮ ಅಪ್ಪ ಕಣ್ಣಿಲೇ ತೂಗತಿದ್ದ. ಅಂಡಿಗಿ ನೋಡಿ ಮಣ ಹೇಳತಿದ್ದ.”

“ಕಣ್ಣಿಲೇ ತೂಗಿದ್ದಕ್ಕ ನೀ ಗೇಟ್ ಕಾಯಾಕತ್ತಿ ನೋಡು ಚಾಚಾ” ಎಂದು ಮಾಳಿ ಉತ್ತರ ಕೊಟ್ಟಳು. ಅವನು ನಕ್ಕ. ಉಳಿದವರು ನಗಲಿಲ್ಲ. ಅವಳಿಗೆ ಬಾಯಿ ಜೋರು ಎಂದರು.

ಮ್ಯಾನೇಜರ್ ಸಾಹೇಬರು ಅವಳನ್ನು ಯುಗಾದಿವರೆಗೆ ಮಾತ್ರ ತೆಗೆದುಕೊಂಡಿದ್ದರು. ಸುಗ್ಗಿ ಪೂರ್ತಿ ಮಾನ್ವಿ ಮತ್ತು ದೇವದುರ್ಗದ ಖರೀದಿ ಕೇಂದ್ರಗಳ ತೂಕ ಕಂಪ್ಯೂಟರಿನಲ್ಲಿ ತಪ್ಪದೆ ಬಂದರೆ ಕಾಯಂ. ತಪ್ಪಿದರೆ ಮನೆಗೆ. ಮನೆಗೆ ಎಂದರೆ ಮದುವೆಗೆ. ಅರಕೇರಾದಲ್ಲಿ ಅವ್ವ ಆಗಲೇ ಒಂದು ಗಂಡು ನೋಡಿ ಇಟ್ಟಿದ್ದಳು. ಅವನಿಗೆ ಇದು ಎರಡನೆಯ ಸಂಬಂಧ. ಮಾಳಿಗೆ ಅದು ಬೇಡವಾಗಿತ್ತು. ಆ ಕೋಣೆಯೊಂದೇ ಅವಳಿಗೆ ಉಳಿದ ದಾರಿ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮಾನ್ವಿಯಲ್ಲಿ ರೈತರ ಹತ್ತಿ ತೂಗಿ, ತೂಕವನ್ನು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಅಲ್ಲಿಯ ಹುಡುಗ ಅದನ್ನು ಅಲ್ಲಿಯ ಕಂಪ್ಯೂಟರಿಗೆ ಹೊಡೆದು ಟೆಲಿಫೋನ್ ತಂತಿಯ ಮೇಲೆ ನಮ್ಮ ಕಡೆ ಕಳಿಸುತ್ತಿದ್ದ. ಪರದೆಯ ಮೇಲೆ ‘ಮುಟ್ಟಿತು’ ಎಂಬ ಅರ್ಥದ ಇಂಗ್ಲಿಷ್ ಮಾತು ಬಂದ ಕೂಡಲೇ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಂದಿನ ಲಾರಿಗೆ ಜಾಗ ಮಾಡುತ್ತಿದ್ದರು. ಲಾರಿ ರಾಯಚೂರಿಗೆ ಬರುವಷ್ಟರಲ್ಲಿ ಅದರ ತೂಕ ಮಾಳಿಯ ಕೋಣೆಯಲ್ಲಿ ಇರುತ್ತಿತ್ತು.

ಕಳಿಸಲು ವಿಳಾಸ ಬೇಕು. ಒಂದು ಕಂಪ್ಯೂಟರಿಗೆ ಒಂದೇ ವಿಳಾಸ ಎಂದು ನಾನು ತಿಳಿದಿದ್ದೆ. ಒಂದು ದಿನ ನಾವಿಬ್ಬರೂ ಇದ್ದ ಬಾಡಿಗೆ ಕೋಣೆಯಲ್ಲಿ ರೊಟ್ಟಿ ತಟ್ಟುತ್ತ ಅವಳು ಹೇಳಿದಳು.

“ಹಂಗಲ್ಲ ಯಣ್ಣಾ. ಮನಿಗೆ ಎಷ್ಟು ಬಾಗಲಾನೋ ಅಷ್ಟು ವಿಳಾಸ. ನಮ್ಮ ಮಷೀನಿಗೆ ಕಾಟಾ ಕಟ್ಟಿಗೆ ಹೋಗೋ ಮಿಲ್ಲಿನ ಕೇಬಲ್‌ಗೆ ಒಂದು ಬಾಗಲಾ, ಮಾನ್ವಿ ತಂತಿಗೆ ಒಂದು, ದೇವದುರ್ಗದ ತಂತಿಗೆ ಒಂದು.”

“ಮೂರು.”

“ನಾಕು. ಇನ್ನೊಂದು ಒಳಗಿಂದು. ಮಷೀನ್ ತನ್ನ ಸಂಗಾಟ ತಾನ ಮಾತಾಡಾಕ.”

“ಹುಚ್ಚ ಹಿಡದದೇನ್ ಅದಕ?”

ಅವಳು ನಕ್ಕಳು. “ಎಲ್ಲಾ ಮಷೀನಿಗೂ ಆ ವಿಳಾಸ ಒಂದ. ನೂರಾ ಇಪ್ಪತ್ತೇಳು, ಸೊನ್ನಿ, ಸೊನ್ನಿ, ಒಂದು. ನೀ ‘ನಾ’ ಅಂದ್ರ ನೀನು, ನಾ ‘ನಾ’ ಅಂದ್ರ ನಾನು. ಹಂಗ. ಅದಕ್ಕ ಏನ್ ಕಳಿಸಿದ್ರೂ ಲಗೂನ ‘ಮುಟ್ಟಿತು’ ಅಂತದ. ಹೊರಗ ಹೋಗಿದ್ರ ತಾನ ತಡಾ ಆಗೋದು?”

ಹೈದರಾಬಾದಿನ ಇಂಜಿನಿಯರ್ ಬಂದಾಗಲೊಮ್ಮೆ ಈ ವಿಳಾಸಗಳನ್ನು ಬದಲಿಸಿ ಹೋಗುತ್ತಿದ್ದ. ಗೋಡೆಗೆ ಅಂಟಿಸಿದ ಚೀಟಿ ಹಳೆಯದಾಗಿರುತ್ತಿತ್ತು. ಮಾನ್ವಿಯವರು ಹಳೆಯ ವಿಳಾಸಕ್ಕೆ ಕಳಿಸಿ ಬೈಯುತ್ತಿದ್ದರು. ಅದಕ್ಕೆ ಮಾಳಿ ತಾನೇ ಒಂದು ಪ್ರೋಗ್ರಾಂ ಬರೆದಳು. ಅದು ಮಷೀನನ್ನೇ ಕೇಳುತ್ತಿತ್ತು: ನಿನಗೆ ಯಾವ ಯಾವ ಬಾಗಿಲು, ಅವುಗಳ ವಿಳಾಸ ಏನು, ಯಾವುದು ತೆರೆದಿದೆ? ಮಷೀನು ಒಂದರ ಕೆಳಗೆ ಒಂದು ಹೇಳುತ್ತಿತ್ತು. ಮಿಲ್ಲಿನ ಕೇಬಲ್ಲಿನದು ಮೊದಲು, ಒಳಗಿನದು ಎರಡನೆಯದು, ಆಮೇಲೆ ಎರಡು ತಂತಿಗಳದು. ಮುಂಜಾನೆ ಮಷೀನ್ ಹಚ್ಚಿದ ಕೂಡಲೇ ಆ ಪ್ರೋಗ್ರಾಂ ತಾನಾಗಿ ನಡೆದು, ತೆರೆದ ಬಾಗಿಲುಗಳಲ್ಲಿ ಮೊದಲನೆಯದರ ವಿಳಾಸವನ್ನು ಮಾನ್ವಿಗೂ ದೇವದುರ್ಗಕ್ಕೂ ತಿಳಿಸುತ್ತಿತ್ತು. ಆಮೇಲೆ ಬೈಗುಳ ನಿಂತವು. ಆ ಪ್ರೋಗ್ರಾಂ ಮೊದಲ ಸಲ ನಾಲ್ಕು ಸಾಲು ತೋರಿಸಿದಾಗ ಅವಳು ನನ್ನನ್ನು ಕೈ ಹಿಡಿದು ಎಳೆದು ತೋರಿಸಿದ್ದಳು. “ನೋಡ್ ಯಣ್ಣಾ, ಕೇಳಿದ್ರ ಹೇಳತದ!” ಎಂದಳು. ನನಗೆ ಹಸಿರು ಅಕ್ಷರ ಬಿಟ್ಟರೆ ಏನೂ ಕಾಣಲಿಲ್ಲ. “ಇದಕ್ಕ ಇಷ್ಟ್ಯಾಕ ಕುಣಿತಿ?” ಎಂದು ಹೊರಗೆ ಬಂದೆ.

ಮಷೀನಿನ ಒಳಗೂ ಹತ್ತಿಯ ಧೂಳು ಹೋಗುತ್ತಿತ್ತು. ಅದನ್ನು ಬಿಚ್ಚುವ ಅಧಿಕಾರ ಹೈದರಾಬಾದಿನ ಇಂಜಿನಿಯರಿಗೆ ಮಾತ್ರ. ಹಾಗೆಂದು ಕಂಪನಿಯವರು ಬರೆಸಿಕೊಂಡಿದ್ದರು. ಆದರೆ ಅವನನ್ನು ಪದೇ ಪದೇ ಕರೆಸುವುದು ಮ್ಯಾನೇಜರಿಗೆ ಬೇಡವಾಗಿತ್ತು. “ಬೀರಪ್ಪಾ, ಭಾನುವಾರ ನೀನ ತಗದು ಒರಸು. ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದರು. ಹಾಗೆ ಪ್ರತಿ ಭಾನುವಾರ ಮಷೀನ್ ಆರಿಸಿದ ಮೇಲೆ ನಾನು ಹಿಂದಿನ ತಗಡು ಬಿಚ್ಚಿ, ಒಳಗಿನ ಕಾರ್ಡುಗಳನ್ನು ಒಂದೊಂದಾಗಿ ತೆಗೆದು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ತಿಕ್ಕುತ್ತಿದ್ದೆ. ಆಮೇಲೆ ಒತ್ತಿ ಕೂಡಿಸುತ್ತಿದ್ದೆ. ಸರಿಯಾಗಿ ಕೂತರೆ ಟಿಕ್ ಎನ್ನುತ್ತಿತ್ತು. ನಾನು ಬಿಚ್ಚುವುದು ಮ್ಯಾನೇಜರಿಗೂ ಮಾಳಿಗೂ ಗೊತ್ತಿತ್ತು. ಮಿಲ್ಲಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಶನಿವಾರ ನಾನು ಬಲ್ಬ್ ಬದಲಿಸಲು ಅವಳ ಕೋಣೆಗೆ ಹೋದೆ. ಮೈತುಂಬ ಹತ್ತಿ. ಮ್ಯಾನೇಜರು ಅಲ್ಲೇ ಕುಳಿತಿದ್ದರು. ಬಾಗಿಲಲ್ಲಿ ಇಬ್ಬರು ಹಮಾಲರು ಚೀಟಿಗಾಗಿ ನಿಂತಿದ್ದರು.

“ಏ ಮಾಳಿ, ಸ್ಟೂಲ್ ಕೊಡು” ಎಂದೆ.

ಮ್ಯಾನೇಜರು ತಲೆ ಎತ್ತಿದರು. “ಮನ್ಯಾಗ ಮಾಳಿ. ಇಲ್ಲಿ ಮೇಡಮ್ ಅನಬೇಕು. ಅನ್ನು.”

ನಾನು ಮಾಳಿಯ ಕಡೆ ನೋಡಿದೆ. ಬೇಡ ಬಿಡ್ರಿ ಎನ್ನುತ್ತಾಳೆ ಎಂದುಕೊಂಡೆ. ಅವಳು ನನ್ನ ಕಾಲು ನೋಡುತ್ತಿದ್ದಳು. “ಚಪ್ಪಲಿ ಹೊರಗ ಬಿಟ್ಟು ಬಾರಣ್ಣಾ. ಧೂಳು ಬರತದ ಅಂತ ಎಷ್ಟು ಸಲ ಹೇಳೀನಿ” ಎಂದಳು.

ನಾನು ಚಪ್ಪಲಿ ಬಿಟ್ಟು ಬಂದೆ. “ಮೇಡಮ್, ಸ್ಟೂಲ್ ಕೊಡ್ರಿ” ಎಂದೆ. ಬಾಗಿಲಲ್ಲಿ ನಿಂತವನೊಬ್ಬ, “ಬೀರ್ಯಾನ ತಂಗಿ ಅಲ್ಲಲೇ ಅಕಿ, ಬೀರ್ಯಾನ ಸಾಹೇಬ” ಎಂದ. ಸಂಜೆಯೊಳಗೆ ಅದು ಅಂಗಳವೆಲ್ಲ ಸುತ್ತಿ ಬಂತು. ನಾನು ಹೋದಲ್ಲೆಲ್ಲ, “ಚಪ್ಪಲಿ ಬಿಟ್ಟು ಬಾರಲೇ” ಎಂದರು.

ಮರುದಿನ ಭಾನುವಾರ. ಕಾರ್ಡುಗಳನ್ನು ತಿಕ್ಕಿದೆ. ಸಿಟ್ಟಿನಲ್ಲಿ ರಬ್ಬರ್ ಬಿಸಿಯಾಗುವಷ್ಟು ತಿಕ್ಕಿದೆ. ಒಂದೊಂದನ್ನೇ ಕೂಡಿಸಿದೆ. ಮಿಲ್ಲಿನ ಕೇಬಲ್ ಸಿಕ್ಕಿಸುವ ಕಾರ್ಡು ಟಿಕ್ ಎನ್ನಲಿಲ್ಲ. ಅರ್ಧ ಕೂತಿತ್ತು. ಹೆಬ್ಬೆರಳಿನಿಂದ ಒಂದು ಸಲ ಒತ್ತಿದ್ದರೆ ಸಾಕಿತ್ತು. ಕೈ ಅದರ ಮೇಲೆ ಇಟ್ಟು ಕುಳಿತೆ. ನಾಳೆ ಸ್ವಲ್ಪ ಹೊತ್ತು ಮಷೀನ್ ನಡೆಯಬಾರದು, ‘ಯಣ್ಣಾ, ನೋಡಿ ಬಾ’ ಎಂದು ಎಲ್ಲರ ಮುಂದೆ ನನ್ನನ್ನು ಕರೆಯಬೇಕು, ಆಗ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತೇನೆ. ಇಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ತಗಡು ಮುಚ್ಚಿದೆ.

ಸೋಮವಾರ ಮುಂಜಾನೆ ಮಷೀನ್ ಹಚ್ಚಿದರೆ ಕಾಟಾ ಕಟ್ಟೆಯ ಪರದೆ ಸತ್ತಿತ್ತು. ಗುಮಾಸ್ತರು ಕೂಗಿದರು. ಮಾಳಿ ತನ್ನ ಪ್ರೋಗ್ರಾಂ ನಡೆಸಿ ನೋಡಿ ಓಡಿ ಬಂದಳು.

“ಸಾಹೇಬ್ರ, ಮೂರ ಸಾಲ ಬರಾಕತ್ತಾವ. ಕೇಬಲ್ಲಿನ ಬಾಗಲಾನ ಇಲ್ಲ. ಒಳಗ ಕಾರ್ಡಿಗೆ ಏನೋ ಆಗ್ಯದ. ಬಿಚ್ಚಿ ನೋಡಬೇಕ್ರಿ.”

“ಬಿಚ್ಚಾಕ ನಮಗ ಅಧಿಕಾರ ಇಲ್ಲ” ಎಂದರು ಮ್ಯಾನೇಜರು. ಗುಮಾಸ್ತರು ಅಲ್ಲೇ ನಿಂತಿದ್ದರು. ನಾನು ಪ್ರತಿ ಭಾನುವಾರ ಬಿಚ್ಚುವುದು ಅವರ ಮುಂದೆ ಹೊರಬರಬಾರದಾಗಿತ್ತು. “ಹೈದರಾಬಾದಿಗೆ ಫೋನ್ ಮಾಡಿಸ್ತೀನಿ. ನಾಳಿ ಬರತಾನ. ಅಲ್ಲೀತನಕ ಮಾನ್ವಿ ತೂಕ ನೋಡಕೋ.”

ಮಾಳಿ ನನ್ನ ಕಡೆ ತಿರುಗಿದಳು. ನಾನು ಕಂಬದ ಸ್ವಿಚ್ಚು ತಿರುವುತ್ತಿದ್ದೆ. ಅವಳು ಕರೆಯಲಿಲ್ಲ. ಕರೆಯದಿದ್ದರೆ ನಾನೇಕೆ ಹೋಗಲಿ ಎಂದುಕೊಂಡೆ.

ಆದರೆ ಅಷ್ಟರಲ್ಲಿ ಆಗುವುದು ಆಗಿತ್ತು. ಮೊದಲನೆಯ ಬಾಗಿಲು ಇಲ್ಲದ್ದರಿಂದ ಒಳಗಿನ ಬಾಗಿಲು ಮೊದಲನೆಯದಾಗಿತ್ತು. ಪ್ರೋಗ್ರಾಂ ತನಗೆ ಹೇಳಿಕೊಟ್ಟಂತೆ ಮೊದಲನೆಯದನ್ನೇ ಮಾನ್ವಿಗೆ ತಿಳಿಸಿತ್ತು: ನೂರಾ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು. ಎಂದರೆ ‘ನನಗೆ ಕಳಿಸಬೇಕಾದರೆ “ನಾನು” ಎಂದು ಬರೆದು ಕಳಿಸು’ ಎಂದಂತೆ. ಮಾನ್ವಿಯ ಮಷೀನು ದಿನವೆಲ್ಲ ತೂಕಗಳನ್ನು ತನಗೆ ತಾನೇ ಕಳಿಸಿಕೊಂಡಿತು. ಪ್ರತಿ ಸಲ ‘ಮುಟ್ಟಿತು’ ಎಂದಿತು. ಅವರು ಹಲಗೆ ಒರೆಸುತ್ತ ಹೋದರು. ದೇವದುರ್ಗದ ತಂತಿ ಅವತ್ತು ಕೆಟ್ಟಿದ್ದರಿಂದ ಆ ಕೇಂದ್ರ ಮಾತ್ರ ಬಚಾವಾಯಿತು. ಮಾನ್ವಿಯಿಂದ ಇನ್ನೂ ಏನೂ ಬಂದಿಲ್ಲವಲ್ಲ ಎಂದು ಮಾಳಿ ಫೋನಿನಲ್ಲಿ ಕೇಳಿದರೆ, “ಎಲ್ಲಾ ಮುಟ್ಯಾವ ಅಂತ ತೋರಸಾಕತ್ತದ” ಎಂಬ ಉತ್ತರ ಬಂತು.

ಮಧ್ಯಾಹ್ನಕ್ಕೆ ಲಾರಿಗಳು ಬಂದವು. ತೂಕ ಇಲ್ಲ, ಒಳಗೆ ಬಿಡುವುದಿಲ್ಲ ಎಂದ ಮೌಲಾಸಾಬ. ಬಿಸಿಲು ತಲೆ ಸುಡುತ್ತಿತ್ತು. ಹಿರೇಕೊಟ್ನೆಕಲ್ಲಿನ ರೈತನೊಬ್ಬ ಲಾರಿಯಿಂದ ಧುಮುಕಿ ಗೇಟು ಹಿಡಿದು ಅಲ್ಲಾಡಿಸಿದ.

“ಕಣ್ಣಾರೆ ತೂಗಿಸೀನಿ. ಹಲಗಿ ಮ್ಯಾಲ ಬರದಾರ. ಎಲ್ಲಿ ಹೋತು? ನಿಮ್ಮ ಡಬ್ಬಿ ನಮ್ಮ ಹತ್ತಿ ತಿಂದದೇನು?”

“ಡಬ್ಬಿ ಅಲ್ಲ, ಡಬ್ಬಿ ಮುಂದ ಕುಂತಾಕಿ” ಎಂದ ಕಾಟಾ ಕಟ್ಟೆಯ ಗುಮಾಸ್ತ, ಎಲ್ಲರಿಗೂ ಕೇಳುವಂತೆ.

ಕಲ್ಲೊಂದು ಕಿಟಕಿಗೆ ಬಿತ್ತು. ಗಾಜು ಮಾಳಿಯ ಮೇಜಿನ ಮೇಲೆ ಚೆಲ್ಲಿತು. ನಾನು ಅಂಗಳದಲ್ಲಿ ನಿಂತು ನೋಡಿದೆ. ಈಗ ಹೇಳಬಹುದಿತ್ತು. ಹೆದರಿಕೆ ಮೊದಲು ಬಂತು, ಅದರ ಹಿಂದೆ ಒಂದು ಸಣ್ಣ ಖುಷಿಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಮೇಡಮ್ ಈಗ ಮಾಳಿ ಆದಳು ಎಂದು ಒಳಗೊಬ್ಬ ನಕ್ಕಿದ್ದ.

ಅವಳು ಅಳಲಿಲ್ಲ. ಟ್ರಂಕ್ ಕಾಲ್ ಸಿಗುವವರೆಗೆ ಫೋನ್ ಬಿಡಲಿಲ್ಲ. ಹೊತ್ತು ಇಳಿಯುವಾಗ ಅವಳಿಗೆ ಹೊಳೆಯಿತು. “ನಿಮ್ಮ ಮಷೀನಿನಾಗ ನೋಡ್ರಿ, ಅಲ್ಲೇ ಅದಾವ” ಎಂದು ಮಾನ್ವಿಗೆ ಕೂಗಿ ಹೇಳಿದಳು. ಇದ್ದವು. ಒಂದು ಚೀಲವೂ ಕಳೆದಿರಲಿಲ್ಲ. ಫೋನಿನಲ್ಲೇ ತೂಕ ಬರೆದುಕೊಂಡು ಲಾರಿಗಳನ್ನು ಬಿಡಿಸಿದಳು. ಆದರೆ ಒಡೆದ ಗಾಜು ನೋಡಿದ ಮ್ಯಾನೇಜರಿಗೆ ಅಷ್ಟು ಸಾಲದು. “ಮಷೀನ್ ಆರಸು. ಇಂಜಿನಿಯರ್ ಬರೋತನಕ ಯಾರೂ ಮುಟ್ಟಬಾರದು” ಎಂದರು.

ಮಂಗಳವಾರ ಮುಂಜಾನೆ ಗಾಜು ಗುಡಿಸಲು ನನಗೆ ಕೀಲಿ ಕೊಟ್ಟರು. ಕೋಣೆಯಲ್ಲಿ ನಾನೊಬ್ಬನೇ. ಇಂಜಿನಿಯರ್ ಬಿಚ್ಚಿ ನೋಡಿದರೆ ಅರ್ಧ ಕೂತ ಕಾರ್ಡು ಕಾಣುತ್ತದೆ. ಯಾರು ಬಿಚ್ಚಿದರು ಎಂದು ಕೇಳುತ್ತಾನೆ. ಮ್ಯಾನೇಜರು ನನ್ನ ಕೆಲಸ ತೆಗೆಯುತ್ತಾರೆ. ನಾನು ತಗಡು ಬಿಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಟಿಕ್.

ಭಾನುವಾರದ್ದನ್ನು ಸಿಟ್ಟು ಎನ್ನಬಹುದು. ಈ ಟಿಕ್‌ಗೆ ನನ್ನ ಬಳಿ ಹೆಸರಿಲ್ಲ.

ಇಂಜಿನಿಯರ್ ಬಂದು ಮಷೀನ್ ಹಚ್ಚಿದ. ಮಾಳಿಯ ಪ್ರೋಗ್ರಾಂ ನಡೆಸಿದ. ನಾಲ್ಕು ಸಾಲು ಬಂದವು.

“ಸಾರ್, ಮಷೀನ್ ಠೀಕ್ ಅದ” ಎಂದ.

ಮಾಳಿ ಪರದೆಯ ಹತ್ತಿರ ಬಗ್ಗಿದಳು. ಬೆರಳಿಟ್ಟು ಎಣಿಸಿದಳು. “ನಿನ್ನಿ ಮೂರಿದ್ವು” ಎಂದಳು.

“ನಾಕು ಅದಾವಲ್ಲಮ್ಮಾ.”

“ಮೊದಲನೇದ ತಗೋ ಅಂತ ಬರದದ್ದು ನನ್ನ ತಪ್ಪು. ಒಳಗಿಂದು ಬಿಟ್ಟು ತಗೋ ಅಂತ ಬರೀಬೇಕಿತ್ತು. ಒಪ್ಪಕೋತೀನಿ. ಆದ್ರ ನಿನ್ನಿ ಒಂದು ಇದ್ದಿದ್ದಿಲ್ಲ. ಅದು ಯಾಕ ಅಂತ ನೀವರ ಹೇಳ್ರಿ.”

ಮ್ಯಾನೇಜರು ಕುರ್ಚಿಯಿಂದ ನನ್ನ ಕಡೆ ತಿರುಗಿದರು. “ಬೀರಪ್ಪಾ, ನೀ ಏನರ ಮುಟ್ಟಿಯೇನು?” ಬಾಯಿ ಹಾಗೆ ಕೇಳುತ್ತಿತ್ತು. ಕಣ್ಣು ಮಾತ್ರ ಇಲ್ಲ ಎನ್ನು ಎಂದು ಗದರಿಸುತ್ತಿತ್ತು.

“ಇಲ್ರೀ ಸಾಹೇಬ್ರ. ನಾ ಬಲ್ಬ್ ಹಾಕಾಂವ. ಇದರಾಗಿಂದು ನನಗೇನ್ ಗೊತ್ತಾಗತದ್ರಿ?”

ಮಾಳಿ ನನ್ನನ್ನು ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಆಮೇಲೆ ನನ್ನ ಕಾಲು. ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದೆ. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದುಕೊಂಡಳು.

“ಹಂಗಾದ್ರ ನನ್ನ ಕಣ್ಣ ಕೆಟ್ಟಿರಬೇಕು ಬಿಡ್ರಿ” ಎಂದಳು.

ಅವಳನ್ನು ಆ ವಾರವೇ ಬಿಡಿಸಿದರು. ಅವಳ ಟ್ರಂಕನ್ನು ನಾನೇ ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದೆ. ದೇವದುರ್ಗದ ಬಸ್ಸಿನ ಮೇಲೆ ಟ್ರಂಕ್ ಏರಿಸಿ ಇಳಿದಾಗ, “ಸಾಕು, ಹೋಗ್ರಿ” ಎಂದಳು. ಅವಳು ಅರಕೇರಾಕ್ಕೆ ಹೋಗಲಿಲ್ಲ, ಚಿಗವ್ವನ ಮನೆಗೆ ಹೋದಳು. ಅವ್ವ ನೋಡಿದ ಗಂಡನ್ನು ಒಲ್ಲೆ ಎಂದಳು. ಅವ್ವ ಅವಳ ಜೊತೆ ಮಾತು ಬಿಟ್ಟಳು. ಅವಳು ಒಂದು ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತ ಒಬ್ಬಳೇ ಉಳಿದಳು. ನಾನು ಮಿಲ್ಲಿನಲ್ಲೇ ಉಳಿದೆ, ಮದುವೆಯಾದೆ, ಮಕ್ಕಳಾದವು. ಮಿಲ್ಲು ಮುಚ್ಚುವವರೆಗೂ ಭಾನುವಾರ ಭಾನುವಾರ ಕಾರ್ಡು ತಿಕ್ಕಿದೆ. ಪ್ರತಿ ಕಾರ್ಡನ್ನೂ ಎರಡೆರಡು ಸಲ ಒತ್ತಿ ನೋಡುತ್ತಿದ್ದೆ.

ಹಬ್ಬಕ್ಕೆ ಹೋದರೆ, “ಬರ್ರಿ, ಕೂಡ್ರಿ, ಚಾ ತಗೋರಿ” ಎನ್ನುತ್ತಿದ್ದಳು, ಊರ ಗೌಡರಿಗೆ ಹೇಳುವ ಹಾಗೆ. ನಾನು ಚಹಾ ಕುಡಿದು ಎದ್ದು ಬರುತ್ತಿದ್ದೆ. ಬಸ್ಸಿನಲ್ಲಿ ಕುಳಿತು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ತಪ್ಪಾಯಿತು ಮಾಳಿ, ಆದರೆ ಮ್ಯಾನೇಜರು ಹೇಗೂ ನಿನ್ನನ್ನು ಇಟ್ಟುಕೊಳ್ಳುತ್ತಿರಲಿಲ್ಲ, ನೀನೂ ಮೊದಲನೆಯದನ್ನು ತೆಗೆದುಕೊಂಡು ತಪ್ಪು ಮಾಡಿದ್ದೆ. ಹೇಳಿಕೊಂಡ ಕೂಡಲೇ ಮನಸ್ಸು ಹಗುರಾಗುತ್ತಿತ್ತು. ಎಷ್ಟು ವರ್ಷ ಹೀಗೆ ಹೇಳಿಕೊಂಡೆನೋ. ಅದೆಲ್ಲ ಆ ಒಳಗಿನ ವಿಳಾಸಕ್ಕೇ ಹೋಗುತ್ತಿತ್ತು, ಮಾಳಿಗೆ ಮುಟ್ಟುತ್ತಿರಲಿಲ್ಲ ಎಂದು ತಿಳಿಯಲು ಮೊಮ್ಮಗಳ ರಬ್ಬರ್ ಬೇಕಾಯಿತು.

ಅದೇ ವಾರ ದೇವದುರ್ಗಕ್ಕೆ ಹೋದೆ. ಮಾಳಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. “ಬರ್ರಿ” ಎಂದಳು. ನಾನು ಚಪ್ಪಲಿ ಹೊರಗೆ ಬಿಟ್ಟೆ. ಕೂಡಲಿಲ್ಲ.

“ಮಾಳಿ, ಆ ಕಾರ್ಡ್ ನಾನ ಅರ್ಧ ಕುಂದ್ರಿಸಿ ಬಿಟ್ಟಿದ್ದೆ. ಗೊತ್ತಿದ್ದ ಬಿಟ್ಟೆ. ಮಂಗಳವಾರ ಮುಂಜಾನಿ ನಾನ ಒತ್ತಿ ಸರಿ ಮಾಡಿದೆ. ನೀ ಹೇಳಿದ್ದು ಖರೇ. ಮೂರ ಇದ್ವು.”

ಮೊರದ ಸದ್ದು ನಿಂತಿತು. ಅವಳು ತಲೆ ಎತ್ತಲಿಲ್ಲ. ಬೆರಳ ತುದಿಯಲ್ಲಿ ಒಂದು ಹರಳು ಹಿಡಿದಿದ್ದಳು. ಅದನ್ನು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದು ಅಂಗಳಕ್ಕೆ ಎಸೆದಳು. ಮತ್ತೆ ಮೊರ ಆಡತೊಡಗಿತು. ಚಾ ತಗೋರಿ ಎನ್ನಲಿಲ್ಲ. ಹೋಗ್ರಿ ಎಂದೂ ಅನ್ನಲಿಲ್ಲ.

ನಾನು ನಿಂತೆ. ಬಿಸಿಲು ಹೊಸ್ತಿಲಿನಿಂದ ನನ್ನ ಬರಿಗಾಲಿಗೆ ಬಂತು. ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದೆ. ತಿರುವಿನವರೆಗೂ ಮೊರದ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ.

ಬಸ್ಸಿನಲ್ಲಿ ಕುಳಿತು ಕಾದೆ. ಈ ಸಲ ‘ಮುಟ್ಟಿತು’ ಎಂಬ ಮಾತು ಒಳಗಿನಿಂದ ಬರಲಿಲ್ಲ. ಮನಸ್ಸು ಹಗುರಾಗಲಿಲ್ಲ. ಹಾಗಾದರೆ ನಾನು ಹೇಳಿದ್ದು ಹೊರಗೆ ಹೋಗಿರಬೇಕು.